ನೀವು ಕೇಳಿದ್ದೀರಿ: ಕೋಣೆಯೊಳಗೊಂದು ರೈಲು ಘಾಟ್

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕದ ಸ್ಯಾನ್ ಡಿಯಾಗೋಗೆ ಹೋಗಿದ್ದಾಗ ಬಾಲ್ಬೋವಾ ಪಾರ್ಕಿನ ಮಾದರಿ ರೈಲು ಮ್ಯೂಸಿಯಂ ನೋಡಿದೆ. ತೆಹಾಚಪಿ ಅನ್ನುವ ಘಾಟ್ ಒಂದನ್ನೇ ಅಷ್ಟು ದೊಡ್ಡದಾಗಿ ಕಟ್ಟಿದ್ದಾರೆ. ನನ್ನ ವಯಸ್ಸಿನವರೆಲ್ಲ ಸೇರಿ ರೈಲು ಬಿಡುತ್ತಿದ್ದರು. ಆದರೆ ಓಡಿದ್ದಕ್ಕಿಂತ ನಿಂತಿದ್ದೇ ಜಾಸ್ತಿ. ಏನಾದರೂ ಕೆಟ್ಟುಹೋಗಿತ್ತಾ?
— ನಿವೃತ್ತ ಶಿಕ್ಷಕಿ, ಅರಸೀಕೆರೆ

ಉತ್ತರ: ಕೆಟ್ಟಿರಲಿಕ್ಕಿಲ್ಲ ಮೇಡಂ, ಕ್ರಾಸಿಂಗ್‌ಗೆ ನಿಂತಿರಬೇಕು. ಒಂಟಿ ಹಳಿಯಲ್ಲಿ ಎದುರಿನ ಗಾಡಿಗೆ ದಾರಿ ಬಿಟ್ಟು ನಿಲ್ಲುವ ಈ ಕ್ರಾಸಿಂಗ್ ಏನು ಅಂತ ಅರಸೀಕೆರೆಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ನೀವು ನೋಡಿದ್ದು ಲಾ ಮೆಸಾ ಮಾಡೆಲ್ ರೈಲ್‌ರೋಡ್ ಕ್ಲಬ್ಬಿನವರ ಕೆಲಸ. ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್‌ನಿಂದ ಬೆಟ್ಟ ಹತ್ತಿ ಮೊಹಾವಿ ಮರುಭೂಮಿಗೆ ಇಳಿಯುವ ದಾರಿಯನ್ನು 1950ರ ದಶಕದಲ್ಲಿ ಇದ್ದ ಹಾಗೆ ಅವರು ಕಟ್ಟುತ್ತಿದ್ದಾರೆ. ಸುಮ್ನೆ ಸುತ್ತು ಹೊಡೆಸುವುದು ಅವರಿಗೆ ಬೇಕಾಗಿಲ್ಲ. ಆ ಕಾಲದ ಟೈಮ್‌ಟೇಬಲ್ ಪ್ರಕಾರವೇ ರೈಲು ನಡೆಸುತ್ತಾರೆ. ಒಬ್ಬರು ಕಂಟ್ರೋಲರ್, ಇನ್ನೊಬ್ಬರು ಸ್ಟೇಷನ್ ಮಾಸ್ಟರ್, ಮತ್ತೊಬ್ಬರು ಡ್ರೈವರ್. ಎಲ್ಲಿ ನಿಲ್ಲಬೇಕು, ಯಾರಿಗೆ ದಾರಿ ಬಿಡಬೇಕು ಅಂತ ಬರೆದ ಚೀಟಿ ಡ್ರೈವರ್ ಕೈಗೆ ಬರುತ್ತದೆ. ಚೀಟಿಯಲ್ಲಿ ಬರೆದದ್ದನ್ನು ಮೀರುವ ಹಾಗಿಲ್ಲ.

ಕೆಲವು ವರ್ಷಗಳ ಹಿಂದೆ ನಾನೂ ಅಲ್ಲಿ ಒಂದು ಮಧ್ಯಾಹ್ನ ಪೂರ್ತಿ ನಿಂತಿದ್ದೆ. ಬಿಳಿ ಗಡ್ಡದ ಒಬ್ಬರು ಕೈಯಲ್ಲಿ ಟಿವಿ ರಿಮೋಟಿನಂಥದ್ದು ಹಿಡಿದು ತಮ್ಮ ಗೂಡ್ಸ್ ಗಾಡಿಯ ಪಕ್ಕದಲ್ಲೇ ಹೆಜ್ಜೆ ಹಾಕುತ್ತಾ ಬಂದರು, ಪಕ್ಕದ ಹಳಿಗೆ ಸೇರಿಸಿ ನಿಲ್ಲಿಸಿದರು, ಜೇಬಿನಿಂದ ಚೀಟಿ ತೆಗೆದು ಓದಿದರು. ಎದುರಿನಿಂದ ಇಳಿದು ಬಂದ ಗಾಡಿಯ ಎಂಜಿನ್ ನಂಬರನ್ನು ಬಗ್ಗಿ ನೋಡಿದರು. ಕೊನೆಯ ಗಾರ್ಡ್ ಡಬ್ಬಿ ದಾಟುವವರೆಗೂ ಅವರ ಕಣ್ಣು ಅದರ ಮೇಲೇ ಇತ್ತು. ಆಮೇಲೆ ಚೀಟಿ ಜೇಬಿಗೆ ಹಾಕಿಕೊಂಡು ನಿಧಾನವಾಗಿ ಹೊರಟರು. ನನಗೆ ಆ ನಿಂತಿದ್ದ ಹೊತ್ತೇ ಇವತ್ತಿಗೂ ನೆನಪಿರುವುದು. ಒಂಟಿ ಹಳಿಯ ಮೇಲೆ ಎದುರು ಬದುರು ರೈಲು ಬಿಡುವವರ ಜವಾಬ್ದಾರಿ ಎಂಥದ್ದು ಅಂತ ಅವತ್ತು ಮೈಗೆ ತಟ್ಟಿತು.

ಪ್ರಶ್ನೆ: ಅಷ್ಟು ದೊಡ್ಡ ಬೆಟ್ಟ ಒಂದು ಕಟ್ಟಡದೊಳಗೆ ಹೇಗೆ ಹಿಡಿಸುತ್ತದೆ? ಒಬ್ಬರೇ ಮನೆಯಲ್ಲಿ ಮಾಡಲು ಆಗುವುದಿಲ್ಲವೇ?
— ಡಿಪ್ಲೊಮಾ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಲೆಕ್ಕ ಹಾಕಿ ನೋಡೋಣ. ಅವರ ಅಳತೆ ಎಚ್‌ಓ, ಅಂದರೆ ನಿಜವಾದದ್ದರ 87ನೇ ಒಂದು ಭಾಗ. ಬೇಕರ್ಸ್‌ಫೀಲ್ಡ್‌ನಿಂದ ಮೊಹಾವಿಗೆ ಸುಮಾರು 110 ಕಿ.ಮೀ. ಭಾಗಿಸಿದರೂ ಒಂದೂಕಾಲು ಕಿಲೋಮೀಟರ್ ಹಳಿ ಬೇಕು! ಹಾಗಾಗಿ ಇಂಥ ಮಾದರಿ ಕಟ್ಟುವವರು ಬೋಳು ಬಯಲಿನ ನೇರ ದಾರಿಯನ್ನು ಕತ್ತರಿಸುತ್ತಾರೆ. ಆದರೆ ತೆಹಾಚಪಿ ಲೂಪ್ ಕತ್ತರಿಸಿದರೆ ಉಳಿಯುವುದೇನು? 1876ರ ಹೊತ್ತಿಗೆ ಚೀನಾದಿಂದ ಬಂದ ಕೂಲಿಗಳು ಗುದ್ದಲಿ, ಸಲಿಕೆ, ಸಿಡಿಮದ್ದು ಇಟ್ಟುಕೊಂಡು ಕಡಿದು ಮುಗಿಸಿದ ಜಾಗ ಅದು. ಅಲ್ಲಿ ಹಳಿ ಒಂದು ಗುಡ್ಡವನ್ನು ಪೂರ್ತಿ ಸುತ್ತಿ ತನ್ನ ಮೇಲೇ ಹಾದುಹೋಗುತ್ತದೆ. ಸುತ್ತಿನ ಉದ್ದ ಸುಮಾರು 1,150 ಮೀಟರ್, ಅಷ್ಟರಲ್ಲಿ ಏರುವುದು 23.5 ಮೀಟರ್. ಗೂಡ್ಸ್ ಗಾಡಿ ಸಾಕಷ್ಟು ಉದ್ದವಿದ್ದರೆ ಎಂಜಿನ್ ತನ್ನದೇ ಬಾಲದ ಮೇಲೆ ದಾಟುತ್ತದೆ. ಇದನ್ನೇ ಎಚ್‌ಓಗೆ ಇಳಿಸಿದರೆ 13 ಮೀಟರ್ ಹಳಿ, 27 ಸೆಂಟಿಮೀಟರ್ ಏರು. ಸುತ್ತಿನ ಅಡ್ಡಳತೆಯೇ ನಾಲ್ಕು ಮೀಟರಿಗಿಂತ ಜಾಸ್ತಿ. ಯಾರ ಮನೆಯ ಹಾಲ್‌ನಲ್ಲಿ ಹಿಡಿಸೀತು ಹೇಳಿ?

ಜಾಗ ಒಂದೇ ಅಲ್ಲ, ಕೈಗಳೂ ಬೇಕು. ಮರಗೆಲಸ, ವೈರಿಂಗ್, ಬೆಟ್ಟಕ್ಕೆ ಬಣ್ಣ, ಒಂದೊಂದೇ ಓಕ್ ಮರ. ಅದಕ್ಕೇ ಕ್ಲಬ್ಬು. ಮ್ಯೂಸಿಯಂ ಶುರುವಾಗಿದ್ದು 1982ರಲ್ಲಿ. ದಶಕಗಳ ಕಾಲ ಸಂಬಳ ಇಲ್ಲದೆ ಸದಸ್ಯರು ಮಾಡಿದ ಕೆಲಸ ಅದು. ನನಗಂತೂ ಅದರ ಮೇಲೆ ಬಹಳ ಗೌರವ.

ಪ್ರಶ್ನೆ: ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯನ್ನು ಮಾದರಿ ಮಾಡುವ ಆಸೆ ನಮ್ಮ ನಾಲ್ಕೈದು ಗೆಳೆಯರಿಗಿದೆ. ಎಲ್ಲಿಂದ ಶುರು ಮಾಡಬೇಕು?
— ಓದುಗರು, ಪುತ್ತೂರು

ಉತ್ತರ: ಮಾಡಿ, ದಯವಿಟ್ಟು ಮಾಡಿ! 55 ಕಿ.ಮೀ., 57 ಸುರಂಗ, 50ಕ್ಕೆ 1ರ ಏರು. ತೆಹಾಚಪಿಗೆ ಯಾವುದರಲ್ಲೂ ಕಡಿಮೆ ಇಲ್ಲದ ದಾರಿ ನಮ್ಮದು.

ಆದರೆ ಇಡೀ ಘಾಟಿಗೆ ಕೈ ಹಾಕಬೇಡಿ. ಎಡಕುಮೇರಿ ಸ್ಟೇಷನ್ ಒಂದನ್ನೇ ತೆಗೆದುಕೊಳ್ಳಿ, ಜೊತೆಗೆ ಒಂದು ಸೇತುವೆ, ಎರಡು ತುದಿಗೆ ಒಂದೊಂದು ಸುರಂಗ. ಸುರಂಗದೊಳಗೆ ಹೋದ ಗಾಡಿ ಬೆಟ್ಟದ ಹಿಂದೆ ಕಾಣದ ಹಾಗೆ ತಿರುಗಿ ಬರಲಿ.

ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಗಲದ ವಿಷಯ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಅಂಗಡಿಯಲ್ಲಿ ಸಿಗುವ ಎಚ್‌ಓ ಹಳಿಯ ಅಗಲ 16.5 ಮಿ.ಮೀ., ಅದು ಅಮೆರಿಕದ 1,435 ಮಿ.ಮೀ. ಗೇಜಿಗೆ ಸರಿ. ನಮ್ಮ ಬ್ರಾಡ್‌ಗೇಜ್ 1,676, ಅದಕ್ಕೆ 19.3 ಮಿ.ಮೀ. ಬೇಕು. 16.5ರಲ್ಲೇ ಮಾಡಿದರೆ ಹಳಿ ಇಕ್ಕಟ್ಟಾಗಿ ಕಾಣುತ್ತದೆ. ನನ್ನನ್ನು ಕೇಳಿದರೆ 1979ರಲ್ಲಿ ಈ ದಾರಿ ತೆರೆದಾಗ ಇದ್ದ ಮೀಟರ್‌ಗೇಜ್ ಕಾಲವನ್ನೇ ಆರಿಸಿಕೊಳ್ಳಿ. ಅದಕ್ಕೆ 11.5 ಮಿ.ಮೀ. ಬೇಕು, 12 ಮಿ.ಮೀ. ಹಳಿ ತಯಾರಾಗಿಯೇ ಸಿಗುತ್ತದೆ. ಎಂಜಿನ್, ಬೋಗಿಗಳ ಮೈ ಮಾತ್ರ ನೀವೇ ಮಾಡಿಕೊಳ್ಳಬೇಕಾದೀತು.

ಏರಿಗೆ ಒಂದು ಮೀಟರಿಗೆ 2 ಸೆಂಟಿಮೀಟರ್ ಎತ್ತರಿಸಿ. ಬೆಟ್ಟ ಅಂಟಿಸುವ ಮೊದಲು ಬರೀ ಹಲಗೆಯ ಮೇಲೆ ಎಂಜಿನ್ ಎಷ್ಟು ಬೋಗಿ ಎಳೆಯುತ್ತದೆ ಅಂತ ನೋಡಿ. ಎಳೆಯದಿದ್ದರೆ ಹಿಂದಿನಿಂದ ತಳ್ಳುವ ಒಂದು ಬ್ಯಾಂಕರ್ ಎಂಜಿನ್ ಹಾಕಿ, ಘಾಟ್‌ನಲ್ಲಿ ಮಾಡುವುದೂ ಅದನ್ನೇ.

ಅಳತೆಗೆ ಅಂತ ಹಳಿಯ ಮೇಲೆ ನಡೆದು ಹೋಗಬೇಡಿ, ಅಲ್ಲಿ ಚಾರಣ ನಿಷೇಧ, ಅಪಾಯ ಕೂಡ. ಹಗಲು ರೈಲಿನಲ್ಲಿ ದೊಡ್ಡ ಗಾಜಿನ ವಿಸ್ಟಾಡೋಮ್ ಬೋಗಿ ಇದೆ. ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ಕೂತು ಫೋಟೋ ತೆಗೆಯಿರಿ. ಮಳೆ ಹಿಂದಾದ ಕೂಡಲೇ ಹೋಗಿ, ಸುರಂಗದ ಬಾಯಿಯ ಪಾಚಿ ಆಗ ಇನ್ನೂ ಹಸಿಯಾಗಿರುತ್ತದೆ.