ಮಾದಕ ವ್ಯಸನದ ಸಂಶೋಧಕರಾಗಲು ಮೊದಲು ಏನು ಕಲಿಯಬೇಕು?

ಸೈಕಾಲಜಿ ಎಂ.ಎ. ಮುಗಿಸಿದ್ದೀರಿ, ಮಾದಕ ವ್ಯಸನದ ಮೇಲೆ ಸಂಶೋಧನೆ ಮಾಡುವ ಪ್ರೊಫೆಸರ್ ಆಗಬೇಕು, ಮೊದಲು ಏನು ಕಲಿಯಲಿ ಎಂದು ಕೇಳಿದ್ದೀರಿ. ಮೆಟ್ಟಿಲುಗಳು ಎಲ್ಲರಿಗೂ ಗೊತ್ತಿರುವಂಥವೇ: ನೆಟ್ (ಕಾಲೇಜು ಅಧ್ಯಾಪಕರಾಗಲು ಬರೆಯುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ), ಪಿಎಚ್.ಡಿ., ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆ. ನೆಟ್ ಮೂಲಕ ಸಿಗುವ ಸಂಶೋಧನಾ ಫೆಲೋಶಿಪ್ ಜೆಆರ್‌ಎಫ್‌ಗೆ ಸಾಮಾನ್ಯ ವರ್ಗದ ವಯೋಮಿತಿ 30 ಇದೆ, ನೋಡಿಕೊಳ್ಳಿ. ಚಿಕಿತ್ಸೆಯನ್ನೂ ಕೊಡುವ ಆಸೆಯಿದ್ದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಬೇಕು, ಎಂ.ಎ. ಒಂದೇ ಸಾಲದು.

ನನ್ನನ್ನು ಕೇಳಿದರೆ, ಇಲ್ಲಿ ಮುಖ್ಯ ವಿದ್ಯೆ ಎಂದರೆ ಎದುರಿಗೆ ಕೂತವರ ಸೇವನೆಯ ಲೆಕ್ಕ ಸರಿಯಾಗಿ ಹಿಡಿಯುವುದು. "ವಾರಕ್ಕೆ ಎಷ್ಟು ಕುಡೀತೀರಿ?" ಎಂದು ಕೇಳಿದರೆ "ಯಾವಾಗಲಾದರೂ ಸ್ವಲ್ಪ ಸಾರ್" ಅನ್ನುತ್ತಾರೆ. ಆ ಉತ್ತರದಿಂದ ಏನೂ ಗೊತ್ತಾಗದು. ಟೈಮ್‌ಲೈನ್ ಫಾಲೋಬ್ಯಾಕ್ ವಿಧಾನ ಕಲಿಯಿರಿ. ಹಿಂದಿನ 90 ದಿನಗಳ ಕ್ಯಾಲೆಂಡರ್ ಮುಂದಿಟ್ಟು, ಮೊದಲು ಸಂಬಳದ ದಿನ, ಊರ ಜಾತ್ರೆ, ಮನೆಯ ಮದುವೆ ಗುರುತು ಹಾಕಿಸಿ. ಆಮೇಲೆ ನಿನ್ನೆಯಿಂದ ಶುರುಮಾಡಿ ಒಂದೊಂದೇ ದಿನ ಹಿಂದಕ್ಕೆ ಹೋಗಿ. "ಎರಡು ಪ್ಯಾಕೆಟ್" ಎಂದರೆ ಎಷ್ಟು ಎಂ.ಎಲ್. ಅಂತ ಕೇಳಿ. ಶೇ. 42.8ರ ವಿಸ್ಕಿಯಾದರೆ 90 ಎಂ.ಎಲ್. ಪ್ಯಾಕೆಟ್‌ನಲ್ಲಿ ಸುಮಾರು 30 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ, ಕ್ವಾರ್ಟರ್‌ನಲ್ಲಿ (180 ಎಂ.ಎಲ್.) 60. ಗಾಂಜಾಕ್ಕೆ ಇಂಥ ಅಳತೆ ಸಿಗದು. ಒಂದು ಪೊಟ್ಟಣ ಎಷ್ಟು ದಿನ ಬಂತು, ಎಷ್ಟು ಜನ ಹಂಚಿಕೊಂಡರು ಎಂದೇ ಕೇಳಬೇಕು.

ಮೂತ್ರ ಪರೀಕ್ಷೆಯನ್ನೇ ಪೂರ್ತಿ ನಂಬಬೇಡಿ. ಹೆರಾಯಿನ್ ಕುರುಹು ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಮಾಯವಾಗುತ್ತದೆ. ದಿನಾ ಗಾಂಜಾ ಸೇದುತ್ತಿದ್ದವರಲ್ಲಿ ಬಿಟ್ಟು ವಾರಗಳಾದರೂ ಪಾಸಿಟಿವ್ ಬರಬಹುದು. ನಿಜವಾಗಿ ಬಿಟ್ಟವರನ್ನು ಸುಳ್ಳುಗಾರ ಎಂದು ಬರೆದರೆ ದೊಡ್ಡ ಅನ್ಯಾಯ.

ಕೈ ನಡುಗುತ್ತಾ ಗೊಂದಲದಲ್ಲಿ ಮಾತಾಡುತ್ತಿರುವವರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಬಾರದು. ಆ ಸ್ಥಿತಿ ಇಳಿಯುವ ತನಕ ಕಾಯಿರಿ. ಹೆಸರುಗಳ ಪಟ್ಟಿ ಒಂದು ಕಡೆ ಬೀಗದೊಳಗೆ, ಉತ್ತರಗಳು ಬರೀ ಕೋಡ್ ನಂಬರಿನಲ್ಲಿ ಇನ್ನೊಂದು ಕಡೆ. 1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯಲ್ಲಿ ಗಾಂಜಾ, ಹೆರಾಯಿನ್‌ನಂಥವುಗಳ ಸೇವನೆಯೇ ಅಪರಾಧ; ನಿಮ್ಮ ಕಡತ ಸೋರಿದರೆ ನಿಮ್ಮನ್ನು ನಂಬಿ ಮಾತಾಡಿದವರು ಪೊಲೀಸ್ ಠಾಣೆ ಹತ್ತಬೇಕಾಗುತ್ತದೆ.

ಹಲವು ಅಧ್ಯಯನಗಳು ಕೆಡುವುದು, ಚಿಕಿತ್ಸೆ ಪಡೆದವರು ಹೇಗಿದ್ದಾರೆ ಎಂದು ನೋಡಲು ಆರು ತಿಂಗಳ ನಂತರ ಮಾಡುವ ಭೇಟಿಯಲ್ಲಿ. ಸಿಮ್ ಬದಲಾಗಿರುತ್ತದೆ, ಬಾಡಿಗೆ ಮನೆ ಬಿಟ್ಟಿರುತ್ತಾರೆ. ಸಿಗದೆ ಹೋದವರಲ್ಲಿ ಮತ್ತೆ ಶುರು ಮಾಡಿದವರು ಹೆಚ್ಚಿರುವ ಸಾಧ್ಯತೆಯಿದೆ. ಅವರನ್ನು ಬಿಟ್ಟು ಲೆಕ್ಕ ಹಾಕಿದರೆ ಯಾವ ಚಿಕಿತ್ಸೆಯೂ ಗೆದ್ದ ಹಾಗೆ ಕಾಣುತ್ತದೆ. ಹಾಗಾಗಿ ಮೊದಲ ದಿನವೇ, ಅವರ ಒಪ್ಪಿಗೆಯಿಂದ, ಹತ್ತಿರದ ಮೂವರ ನಂಬರ್ ಬರೆದುಕೊಳ್ಳಿ. ಆ ಮೂವರಿಗೆ ಫೋನ್ ಮಾಡಿದಾಗ ಅಧ್ಯಯನ ಯಾವುದರ ಬಗ್ಗೆ ಎಂದು ಬಾಯಿಬಿಡಬೇಡಿ.