ಅಮ್ಮನ ಬೆರಳಿಗೆ ಫೋನ್ ಯಾಕೆ ಬಗ್ಗಲ್ಲ?

ಈ ಸಲ ಬಂದ ಪತ್ರಗಳಲ್ಲಿ ಮನೆಯ ಹಿರಿಯರು ಮತ್ತು ಫೋನಿನ ಜಗಳವೇ ಜಾಸ್ತಿ. ಅದರಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಮೂರು ಪತ್ರ ಮಕ್ಕಳದ್ದು, ಕೊನೆಯದು ಹಿರಿಯರೊಬ್ಬರದ್ದೇ.

ಪ್ರಶ್ನೆ: ಅಮ್ಮನಿಗೆ 72 ವರ್ಷ. ಸ್ಮಾರ್ಟ್‌ಫೋನ್ ಕೊಡಿಸಿ ಆರು ತಿಂಗಳಾಯಿತು. ವಾಟ್ಸಾಪ್ ತೆರೆಯಲು ಹೋದರೆ ಐಕಾನ್ ಎಲ್ಲೋ ಹೋಗಿ ಕೂರುತ್ತದೆ, ಒಮ್ಮೆ ಆ್ಯಪೇ ಮಾಯವಾಗಿತ್ತು. ಕರೆ ಬಂದರೆ ಎತ್ತಲು ಒದ್ದಾಡುತ್ತಾರೆ. ನೂರು ಸಲ ಹೇಳಿಕೊಟ್ಟಿದ್ದೇನೆ. ವಯಸ್ಸಾದ ಮೇಲೆ ಇದೆಲ್ಲ ತಲೆಗೆ ಹೋಗುವುದೇ ಇಲ್ಲವಾ? – ಒಬ್ಬ ಮಗಳು

ಉತ್ತರ: ತಲೆಯ ವಿಷಯ ಆಮೇಲೆ ನೋಡೋಣ. ಮೊದಲು ಬೆರಳು ನೋಡಿ. ಇವತ್ತು ಏನೂ ಹೇಳಿಕೊಡದೆ ಅಮ್ಮನ ಪಕ್ಕದಲ್ಲಿ ಸುಮ್ನೆ ಕೂತು, ಅವರು ಐಕಾನನ್ನು ಹೇಗೆ ಮುಟ್ಟುತ್ತಾರೆ ಅಂತ ಗಮನಿಸಿ. ನಾವು ತಟ್ಟಿ ಬೆರಳು ಎತ್ತಿಬಿಡುತ್ತೇವೆ. ಅವರು ಒತ್ತುತ್ತಾರೆ. ಗುಂಡಿ ಇದ್ದ ಫೋನು, ರೇಡಿಯೊ, ಟಿವಿ ರಿಮೋಟ್ ಎಲ್ಲದರಲ್ಲೂ ಒತ್ತಿದರೇನೇ ಕೆಲಸ ಆಗುತ್ತಿತ್ತು, ಗುಂಡಿ ಒಳಗೆ ಹೋದದ್ದು ಬೆರಳಿಗೇ ಗೊತ್ತಾಗುತ್ತಿತ್ತು. ಗಾಜಿನ ಮೇಲೆ ಅದೇನೂ ಗೊತ್ತಾಗಲ್ಲ, ಹಾಗಾಗಿ ಇನ್ನಷ್ಟು ಒತ್ತಿ ಹಿಡಿಯುತ್ತಾರೆ. ಬೆರಳು ಸುಮಾರು ಅರ್ಧ ಸೆಕೆಂಡ್ ನಿಂತರೆ ಸಾಕು, ಫೋನ್ ಅದನ್ನು ಲಾಂಗ್ ಪ್ರೆಸ್, ಅಂದರೆ ಬೇಕೆಂದೇ ಒತ್ತಿ ಹಿಡಿದದ್ದು ಅಂದುಕೊಳ್ಳುತ್ತದೆ. ಐಕಾನ್ ಜಾಗ ಬಿಟ್ಟು ಓಡುವುದು, ಬೇಡದ ಮೆನು ತೆರೆಯುವುದು, ಆ್ಯಪ್ ಅಳಿಸಿಹೋಗುವುದು, ಎಲ್ಲವೂ ಆ ಅರ್ಧ ಸೆಕೆಂಡಿನ ಕಿತಾಪತಿ.

ಇದನ್ನು ಸರಿಮಾಡಬಹುದು. ಆಂಡ್ರಾಯ್ಡ್ ಫೋನಾದರೆ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿಗೆ ಹೋಗಿ, 'ಟಚ್ ಅಂಡ್ ಹೋಲ್ಡ್ ಡಿಲೇ' ಅಂತ ಇರುತ್ತದೆ, ಅದನ್ನು 'ಲಾಂಗ್' ಮಾಡಿ. ಐಫೋನಿನಲ್ಲಿ ಆ್ಯಕ್ಸೆಸಿಬಿಲಿಟಿಯ 'ಟಚ್' ವಿಭಾಗದಲ್ಲಿ 'ಟಚ್ ಅಕಾಮಡೇಷನ್ಸ್' ನೋಡಿ. ಮುಖಪುಟದ ಐಕಾನ್‌ಗಳು ಅಲ್ಲಾಡದಂತೆ ಲಾಕ್ ಮಾಡುವ ವ್ಯವಸ್ಥೆಯೂ ಸುಮಾರು ಆಂಡ್ರಾಯ್ಡ್ ಫೋನ್‌ಗಳಲ್ಲಿದೆ.

ಇನ್ನೊಂದು ಸಂಗತಿ. ಟಚ್‌ಸ್ಕ್ರೀನ್ ನೀವು ಎಷ್ಟು ಬಲವಾಗಿ ಒತ್ತಿದಿರಿ ಅಂತ ನೋಡುವುದೇ ಇಲ್ಲ. ನಮ್ಮ ಚರ್ಮದ ಮೂಲಕ ಸ್ವಲ್ಪ ವಿದ್ಯುತ್ ಹರಿಯಬಲ್ಲದು, ಬೆರಳು ಹತ್ತಿರ ಬಂದಾಗ ಪರದೆಯ ವಿದ್ಯುತ್ತಿನಲ್ಲಿ ಆಗುವ ಬದಲಾವಣೆಯನ್ನು ಫೋನ್ ಹಿಡಿಯುತ್ತದೆ. ವಯಸ್ಸಾದಂತೆ ಬೆರಳ ತುದಿ ಒಣಗುತ್ತದೆ, ಆಗ ಎಷ್ಟು ಮುಟ್ಟಿದರೂ ಫೋನಿಗೆ ಗೊತ್ತಾಗದೇ ಹೋಗಬಹುದು. ಕೈಗೆ ಸ್ವಲ್ಪ ಕ್ರೀಮ್ ಹಚ್ಚಿ ಒರೆಸಿಕೊಂಡರೆ ವ್ಯತ್ಯಾಸ ಕಾಣುತ್ತದೆ. ಉಗುರಿನ ತುದಿಯಲ್ಲಿ ಮುಟ್ಟಿದರಂತೂ ಕೆಲಸ ಆಗುವುದೇ ಇಲ್ಲ.

ಕರೆ ಎತ್ತುವ ವಿಷಯಕ್ಕೆ ಬಂದರೆ, ನಾನು ಅಮ್ಮನ ಪಕ್ಷ. ಫೋನ್ ಲಾಕ್ ಆಗಿದ್ದಾಗ ಕರೆ ಬಂದರೆ ಎಳೆಯಬೇಕು, ಫೋನ್ ನೋಡುತ್ತಿದ್ದಾಗ ಬಂದರೆ ಮೇಲೆ ಒಂದು ಪಟ್ಟಿ ಬರುತ್ತದೆ, ಅಲ್ಲಿ ತಟ್ಟಬೇಕು. ಒಂದೇ ಕೆಲಸಕ್ಕೆ ಎರಡು ದಾರಿ ಇಟ್ಟು, ಯಾವಾಗ ಯಾವುದು ಅಂತ ಹೇಳದೇ ಬಿಟ್ಟರೆ ಯಾರಿಗಾದರೂ ಗಲಿಬಿಲಿ ಆಗುತ್ತದೆ. ನಿಮ್ಮ ನೂರು ಪಾಠದಲ್ಲಿ ಈ ವ್ಯತ್ಯಾಸ ಹೇಳಿದ್ದಿರಾ? ನಾನಂತೂ ನಮ್ಮ ಮನೆಯಲ್ಲಿ ಹೇಳಿರಲಿಲ್ಲ, ಬರೀ ರೇಗಿದ್ದೆ. ಇನ್ನೊಂದು ಫೋನಿಂದ ನೀವೇ ಕರೆ ಮಾಡಿ, ಎರಡೂ ಥರ ಹತ್ತು ಹತ್ತು ಸಲ ಎತ್ತಿಸಿ. ಕೆಲವು ಫೋನ್‌ಗಳಲ್ಲಿ ವಾಲ್ಯೂಮ್ ಗುಂಡಿ ಒತ್ತಿ ಕರೆ ಎತ್ತುವ ಅನುಕೂಲವೂ ಇದೆ, ಹುಡುಕಿ ನೋಡಿ. ಒತ್ತಿದ್ದು ಗೊತ್ತಾಗುವ ಗುಂಡಿ, ಅಮ್ಮನಿಗೆ ಇಷ್ಟವಾಗುತ್ತದೆ.

ಪ್ರಶ್ನೆ: ಅಪ್ಪ ವಿಡಿಯೊ ಕಾಲ್‌ನಲ್ಲಿ ಫೋನನ್ನು ಕಿವಿಗೆ ಇಟ್ಟುಕೊಳ್ಳುತ್ತಾರೆ. ಮಕ್ಕಳಿಗೆ ತಾತನ ಮುಖದ ಬದಲು ಕಿವಿಯೇ ಕಾಣುವುದು. ಎಲ್ಲರೂ ನಗುತ್ತೇವೆ, ಈಗೀಗ ಅವರು ಮಾತಾಡಲು ಬರುವುದೇ ಇಲ್ಲ. – ದೂರದಲ್ಲಿರುವ ಮಗ

ಉತ್ತರ: ನಗುವುದನ್ನು ನಿಲ್ಲಿಸಿ, ಕಿವಿ ಪರೀಕ್ಷೆ ಮಾಡಿಸಿ. ಬಹುಶಃ ಅವರಿಗೆ ಕೇಳಿಸುತ್ತಿಲ್ಲ, ಅದಕ್ಕೇ ಕಿವಿಗೆ ಇಟ್ಟುಕೊಳ್ಳುತ್ತಾರೆ. ವಯಸ್ಸಾದಾಗ ಮೊದಲು ಕೈಕೊಡುವುದು ತೀಕ್ಷ್ಣವಾದ ಸದ್ದುಗಳು. ಸ, ಷ, ತ, ಕ ಇಂಥ ಅಕ್ಷರಗಳು ಮಸುಕಾಗುತ್ತವೆ. ದನಿ ಕೇಳಿಸುತ್ತದೆ, ಮಾತು ತಿಳಿಯಲ್ಲ. ಮಕ್ಕಳ ಸಣ್ಣ ದನಿಯಂತೂ ಇನ್ನೂ ಕಷ್ಟ. ಹಳೆಯ ಟೆಲಿಫೋನ್ ಲೈನ್ 300ರಿಂದ 3,400 ಹರ್ಟ್ಜ್‌ (ಸದ್ದು ಎಷ್ಟು ತೀಕ್ಷ್ಣ ಅನ್ನುವ ಅಳತೆ) ವರೆಗಿನ ಸದ್ದನ್ನಷ್ಟೇ ಸಾಗಿಸುತ್ತಿತ್ತು, 'ಸ' ಅಕ್ಷರದ ಸೀಟಿಯಂಥ ಸದ್ದು ಬಹುಪಾಲು ಅದರಾಚೆ ಇರುತ್ತದೆ. ಇಂಟರ್ನೆಟ್ ಕರೆಯಲ್ಲಿ ಸಿಗ್ನಲ್ ಚೆನ್ನಾಗಿದ್ದರೆ ದನಿ ಇದಕ್ಕಿಂತ ಸ್ಪಷ್ಟ. ಹಾಗಾಗಿ ವಿಡಿಯೊ ಕಾಲ್ ಬಿಡಿಸಬೇಡಿ. ಅದರಲ್ಲಿ ತುಟಿಯೂ ಕಾಣುತ್ತದೆ, ಅರ್ಧ ಮಾತು ಅಲ್ಲೇ ಹಿಡಿಯಬಹುದು. ಫೋನಿಗೊಂದು ಸ್ಟ್ಯಾಂಡ್, ಕಿವಿ ಮುಚ್ಚುವಂಥ ಹೆಡ್‌ಫೋನ್ ಕೊಡಿಸಿ. ಶ್ರವಣ ಸಾಧನ ಹಾಕುತ್ತಿದ್ದರೆ, ಈಗಿನ ಹಲವು ಸಾಧನಗಳು ಬ್ಲೂಟೂತ್ ಮೂಲಕ ಫೋನಿಗೆ ನೇರ ಸೇರುತ್ತವೆ. ಮತ್ತೆ, ಕಿರುಚಬೇಡಿ. ನಿಧಾನವಾಗಿ, ಒಬ್ಬೊಬ್ಬರೇ ಮಾತಾಡಿ.

ಪ್ರಶ್ನೆ: ಮಾವನವರು ಸಿಕ್ಕಿದ್ದನ್ನೆಲ್ಲ ಫಾರ್ವರ್ಡ್ ಮಾಡುತ್ತಾರೆ. ಹೇಳಿದರೆ ಸಿಟ್ಟು. ಮೊನ್ನೆ ಯಾರೋ ಕೇಳಿದರೆಂದು ಫೋನಿಗೆ ಬಂದ ಕೋಡನ್ನೂ ಹೇಳಲು ಹೊರಟಿದ್ದರು! – ಸೊಸೆ

ಉತ್ತರ: ಫಾರ್ವರ್ಡ್ ಬಿಡಿ, ಕೋಡ್ ಮೊದಲು. ವಾಟ್ಸಾಪ್‌ನ 6 ಅಂಕಿಯ ಕೋಡ್ ಯಾರ ಕೈಗೆ ಸಿಕ್ಕರೂ ಆ ಖಾತೆ ಅವರದ್ದಾಗಬಹುದು. ಕೇಳುವವರು ಎಷ್ಟೋ ಸಲ ಪರಿಚಿತರ ಹೆಸರಿನಲ್ಲೇ ಬರುತ್ತಾರೆ, ಏಕೆಂದರೆ ಆ ಪರಿಚಿತರ ಖಾತೆ ಆಗಲೇ ಕಳ್ಳರ ಕೈಯಲ್ಲಿರುತ್ತದೆ. ಇವತ್ತೇ ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ 'ಟು-ಸ್ಟೆಪ್ ವೆರಿಫಿಕೇಶನ್' ಹಾಕಿ, ಆಗ ಕೋಡ್ ಜೊತೆಗೆ ಒಂದು ಪಿನ್ ಕೂಡ ಕೇಳುತ್ತದೆ, ಪಿನ್ ಅನ್ನು ಅವರೇ ಆರಿಸಲಿ.

ಫಾರ್ವರ್ಡ್‌ಗೆ ಒಂದೇ ಗುರುತು ತೋರಿಸಿಕೊಡಿ. ಸಂದೇಶದ ಮೇಲೆ ಎರಡು ಬಾಣ ಇದ್ದರೆ ಅದು ಈಗಾಗಲೇ ಕೈಯಿಂದ ಕೈಗೆ ಕನಿಷ್ಠ ಐದು ಸಲ ದಾಟಿ ಬಂದದ್ದು. 2020ರಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಲು ಆಗುತ್ತದೆ. ಸುಳ್ಳು ಅಂತ ಸಾಬೀತು ಮಾಡಲು ಹೋಗಬೇಡಿ, ಅದರಲ್ಲೂ ಕುಟುಂಬದ ಗ್ರೂಪಿನಲ್ಲಿ ಎಲ್ಲರೆದುರು ಬೇಡವೇ ಬೇಡ. "ಮಾವ, ಇದಕ್ಕೆ ಎರಡು ಬಾಣ ಇದೆ ನೋಡಿ" ಅಂತ ಪಕ್ಕದಲ್ಲಿ ಕೂತು ಹೇಳಿ. ಮುಂದಿನ ವಾರ ಅವರೇ ನಿಮ್ಮ ಸಂದೇಶದಲ್ಲಿ ಬಾಣ ಹುಡುಕಿದರೆ ಬೇಸರ ಪಡಬೇಡಿ.

ಪ್ರಶ್ನೆ: ನನಗೆ 76. ಕಲಿಯುವ ಆಸೆ ಇದೆ. ಕೇಳಿದರೆ ಮೊಮ್ಮಗಳು ಫೋನ್ ಕಸಿದುಕೊಂಡು ಚಕಚಕ ಏನೋ ಮಾಡಿ "ಆಯ್ತು" ಎಂದು ಕೊಡುತ್ತಾಳೆ. ಏನು ಮಾಡಿದಳೋ ಗೊತ್ತಾಗುವುದಿಲ್ಲ. ಇನ್ನೊಂದು, ಮಗನಿಗೆ ಕಳಿಸಿದ ಸಂದೇಶಕ್ಕೆ ಕೆಲವೊಮ್ಮೆ ನೀಲಿ ಗುರುತು ಬರುತ್ತದೆ, ಕೆಲವೊಮ್ಮೆ ಇಲ್ಲ. ಓದುತ್ತಾನೋ ಇಲ್ಲವೋ? – ಅಜ್ಜಿ

ಉತ್ತರ: ಅಮ್ಮಾ, ಮೊದಲು ಒಂದು ನಿಯಮ ಮಾಡಿ. ಫೋನ್ ನಿಮ್ಮ ಕೈ ಬಿಡಬಾರದು. ಮೊಮ್ಮಗಳು ತನ್ನ ಎರಡು ಕೈಯನ್ನೂ ಹಿಂದಕ್ಕೆ ಕಟ್ಟಿಕೊಂಡು ಬಾಯಲ್ಲಿ ಮಾತ್ರ ಹೇಳಬೇಕು. ಐದು ನಿಮಿಷದಲ್ಲಿ ಅವಳಿಗೆ ಬೆವರು ಬರುತ್ತದೆ, ಆದರೆ ನಿಮಗೆ ಕೆಲಸ ಬರುತ್ತದೆ. ಹೇಳಿದ್ದನ್ನು ನಿಮ್ಮ ಮಾತಲ್ಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. "ಮೂರು ಚುಕ್ಕಿ ಒತ್ತು, ನಾಲ್ಕನೇ ಸಾಲು" ಅಂತಿದ್ದರೂ ಸಾಕು. ಒಂದು ಪುಟಕ್ಕೆ ಒಂದೇ ಕೆಲಸ. ಆ್ಯಪ್ ಅಪ್‌ಡೇಟ್ ಆದಾಗ ಸಾಲು ಬದಲಾಗಬಹುದು, ಹಾಗಾಗಿ ಪೆನ್ಸಿಲ್ ಒಳ್ಳೆಯದು.

ಇನ್ನು ಗುರುತಿನ ವಿಷಯ. ಒಂದು ಬೂದು ಟಿಕ್ ಅಂದರೆ ಸಂದೇಶ ನಿಮ್ಮ ಫೋನಿಂದ ಹೋಯಿತು, ಎರಡು ಬೂದು ಅಂದರೆ ಮಗನ ಫೋನಿಗೆ ತಲುಪಿತು, ಎರಡೂ ನೀಲಿಯಾದರೆ ಆ ಚಾಟ್ ತೆರೆದು ನೋಡಿದ್ದಾರೆ. ಮೇಲೆ ಬರುವ ಸೂಚನೆಯಲ್ಲೇ ಓದಿಕೊಂಡು ಸುಮ್ಮನಾದರೆ ನೀಲಿ ಆಗುವುದಿಲ್ಲ. ನೀಲಿ ಗುರುತು ಬಾರದಂತೆ ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿಡಲೂ ಬರುತ್ತದೆ, ಆದರೆ ನಿಮಗೆ ಕೆಲವೊಮ್ಮೆಯಾದರೂ ಬರುತ್ತಿದೆ ಅಂದರೆ ಅವರು ಬಹುಶಃ ಅದನ್ನು ಮಾಡಿಲ್ಲ.

ಟೈಪ್ ಮಾಡುವುದು ಕಷ್ಟವಾದರೆ ಧ್ವನಿ ಸಂದೇಶ ಕಳಿಸಿ. ಕೆಳಗಿನ ಮೈಕ್ ಚಿತ್ರವನ್ನು ಒತ್ತಿ ಹಿಡಿದು ಮಾತಾಡಿ, ಮುಗಿದ ಮೇಲೆ ಬೆರಳು ಬಿಡಿ, ಅಷ್ಟೇ. ಇಲ್ಲಿ ಒತ್ತಿ ಹಿಡಿಯುವುದೇ ಸರಿಯಾದ ಕ್ರಮ. ಮಗ ಅದನ್ನು ಕೇಳಿಸಿಕೊಂಡರೆ ಪಕ್ಕದ ಮೈಕ್ ಗುರುತು ನೀಲಿಯಾಗುತ್ತದೆ, ಮತ್ತು ಈ ನೀಲಿಯನ್ನು ನಿಲ್ಲಿಸಿಡುವ ಸೆಟ್ಟಿಂಗ್ ಮಾತ್ರ ವಾಟ್ಸಾಪ್‌ನವರು ಇಟ್ಟಿಲ್ಲ.