ಮುರಿಯಿತೇ, ಮುರಿದರೇ?

ಪ್ರೀತಿಯ ಗೆಳೆಯರೇ,

ನಮಸ್ಕಾರ. ‘ಹೌ ಐ ಮೆಟ್ ಯುವರ್ ಮದರ್’ ಎಂಬ ಅಮೆರಿಕದ ಹಾಸ್ಯ ಧಾರಾವಾಹಿಯಲ್ಲಿ ಬಾರ್ನಿ ಮತ್ತು ರಾಬಿನ್ ಅವರ ದಾಂಪತ್ಯ ಏಕೆ ಉಳಿಯಲಿಲ್ಲ ಎಂದು ವಿವರಿಸುವ ನಿಮ್ಮ ಒಂಬತ್ತು ಪುಟಗಳ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಸಂತೋಷವಾಯಿತು, ಎರಡನೆಯ ಸಲ ಸಿಟ್ಟು ಬಂತು. ಸುಮ್ಮನೆ ಹಿಂತಿರುಗಿಸುವ ಬರಹಗಳಿಗೆ ನಾನು ಎರಡು ಸಾಲಿನ ಉತ್ತರ ಬರೆಯುತ್ತೇನೆ. ನಿಮ್ಮದಕ್ಕೆ ಅಷ್ಟು ಸಾಲದು.

ನಿಮ್ಮ ಭಾಷೆ ತಿಳಿಯಾಗಿದೆ, ಧಾರಾವಾಹಿಯನ್ನು ಮನಸ್ಸಿಟ್ಟು ನೋಡಿದ್ದೀರಿ. ಅರ್ಜೆಂಟೀನಾದ ಹೋಟೆಲಿನಲ್ಲಿ ಗಂಡ ಹೆಂಡತಿ ಬೇರೆಯಾಗಲು ಒಪ್ಪುವ ದೃಶ್ಯವನ್ನು ಎರಡನೆಯ ಪುಟದಲ್ಲಿ ಹೇಳಿರುವ ರೀತಿ ಚೆನ್ನಾಗಿದೆ. ಕಾಗುಣಿತ, ಪ್ಯಾರಾಗಳ ಜೋಡಣೆ ಇವನ್ನೆಲ್ಲ ನಮ್ಮ ಸಹಾಯಕರು ನೋಡಿಕೊಳ್ಳುತ್ತಾರೆ. ನನ್ನನ್ನು ಕಾಡಿದ್ದು ಬೇರೆ.

ನಿಮ್ಮ ಮೂರನೆಯ ಪುಟದ ಮೊದಲ ಸಾಲು: ‘ರಾಬಿನ್‌ಗೆ ಸಂಸಾರಕ್ಕಿಂತ ವೃತ್ತಿಯೇ ದೊಡ್ಡದಾಯಿತು, ಹೀಗಾಗಿ ದಾಂಪತ್ಯ ಮುರಿಯಿತು.’ ಈ ಸಾಲಿನ ಎರಡು ಕ್ರಿಯಾಪದಗಳನ್ನು ನೋಡಿ. ದೊಡ್ಡದಾಯಿತು, ಮುರಿಯಿತು. ಮಾಡಿದವರು ಯಾರು? ನಮ್ಮ ಭಾಷೆಯಲ್ಲಿ ‘ಮುರಿ’ ಧಾತುವಿಗೆ ಎರಡು ಮುಖಗಳಿವೆ. ಕೊಂಬೆ ಮುರಿಯಿತು ಎಂದರೆ ತಾನಾಗಿ ಮುರಿಯಿತು. ಕೊಂಬೆಯನ್ನು ಮುರಿದರು ಎಂದರೆ ಅಲ್ಲೊಂದು ಕೈ ಇತ್ತು. ನಿಮ್ಮ ಲೇಖನದಲ್ಲಿ ಹನ್ನೊಂದು ಕಡೆ ಆ ದಾಂಪತ್ಯ ತಾನಾಗಿ ಮುರಿಯುತ್ತದೆ, ಒಡೆಯುತ್ತದೆ, ಕಳಚಿ ಬೀಳುತ್ತದೆ. ಒಂದು ಕಡೆಯೂ ಯಾರೂ ಅದನ್ನು ಮುರಿಯುವುದಿಲ್ಲ. ನಿಜವಾದ ಮನುಷ್ಯರ ಬದುಕಿನ ಬಗ್ಗೆ ಬರೆಯುವಾಗ ಈ ಬಗೆಯ ವಾಕ್ಯಕ್ಕೆ ಒಂದು ಸಭ್ಯತೆ ಇರುತ್ತದೆ, ಯಾರನ್ನೂ ದೂರುವುದು ಬೇಡ ಎಂದು ಹಾಗೆ ಬರೆಯುತ್ತೇವೆ. ಬಾರ್ನಿ ಮತ್ತು ರಾಬಿನ್ ನಿಜವಾದ ಮನುಷ್ಯರಲ್ಲ. ಅವರನ್ನು ಕೂಡಿಸಿದ ಕೈಗಳಿದ್ದವು, ಬೇರೆ ಮಾಡಿದ್ದೂ ಅದೇ ಕೈಗಳು. ಕಾರ್ಟರ್ ಬೇಸ್ ಮತ್ತು ಕ್ರೇಗ್ ಥಾಮಸ್ ಎಂಬ ಇಬ್ಬರು ಈ ಧಾರಾವಾಹಿಯ ಸೃಷ್ಟಿಕರ್ತರು. ಆ ಹೆಸರುಗಳು ನಿಮ್ಮ ಒಂಬತ್ತು ಪುಟಗಳಲ್ಲಿ ಒಮ್ಮೆಯೂ ಬರುವುದಿಲ್ಲ.

ಇನ್ನು ಆ ಸಾಲಿನ ಆರೋಪ. ರಾಬಿನ್ ಟಿವಿ ವರದಿಗಾರ್ತಿ ಎಂಬುದು 2005ರ ಮೊದಲ ಕಂತಿನಿಂದಲೇ ನಮಗೆ ಗೊತ್ತು. ಬಾರ್ನಿಗೂ ಗೊತ್ತು. ಅವಳು ಯಾರೆಂದು ಪೂರ್ತಿ ತಿಳಿದೇ ಅವನು ಮದುವೆಯಾಗುವಂತೆ ಕೇಳಿದ್ದು. ಎಂಟು ವರ್ಷ ಅವಳ ಹೆಮ್ಮೆಯಾಗಿದ್ದ ಕೆಲಸ ಮದುವೆಯ ಮಾರನೆಯ ಕಂತಿನಲ್ಲಿ ಅವಳ ಅಪರಾಧವಾಗುತ್ತದೆ. ಅವಳು ಬದಲಾಗಲಿಲ್ಲ. ಅವಳ ಕೆಲಸಕ್ಕೆ ಕಥೆಯಲ್ಲಿ ಇದ್ದ ಅರ್ಥವನ್ನು ಬರೆಯುವವರು ಬದಲಿಸಿದರು. ನೀವು ಅದನ್ನು ನಂಬಿ ಅವಳನ್ನೇ ಕಟಕಟೆಯಲ್ಲಿ ನಿಲ್ಲಿಸಿದಿರಿ. ನನಗೆ ಸಿಟ್ಟು ಬಂದದ್ದು ಇಲ್ಲಿಯೇ.

ಮುಂದಿನ ಸಾಲು: ‘ಬಾರ್ನಿ ಎಂದೂ ಬದಲಾಗುವ ಗಂಡಸಾಗಿರಲಿಲ್ಲ.’ ಇದು ತಪ್ಪು, ನೀವೇ ನೋಡಿದ ಕಂತುಗಳು ಇದನ್ನು ಅಲ್ಲಗಳೆಯುತ್ತವೆ. ಆರನೆಯ ಸೀಸನ್ನಿನಲ್ಲಿ ಅವನು ತನ್ನನ್ನು ಬಿಟ್ಟುಹೋದ ತಂದೆಯ ಎದುರು ನಿಲ್ಲುತ್ತಾನೆ. ಎಂಟನೆಯ ಸೀಸನ್ನಿನಲ್ಲಿ, ಹೆಂಗಸರನ್ನು ಮರುಳು ಮಾಡುವ ತಂತ್ರಗಳನ್ನು ಬರೆದಿಟ್ಟುಕೊಂಡಿದ್ದ ಪುಸ್ತಕದ ಕೊನೆಯ ಪುಟವನ್ನೇ ರಾಬಿನ್ ಕೈಗೆ ಕೊಟ್ಟು ಮದುವೆಯಾಗುವಂತೆ ಬೇಡುತ್ತಾನೆ. ಮದುವೆಯ ದಿನ ಅವಳು ಓಡಿಹೋಗಬೇಕೆಂದು ಹೊರಟಾಗ, ಸದಾ ಸತ್ಯವನ್ನೇ ಹೇಳುತ್ತೇನೆ ಎಂದು ಮಾತು ಕೊಡುತ್ತಾನೆ. ಇಡೀ ಧಾರಾವಾಹಿಯಲ್ಲಿ ಇಷ್ಟು ತಾಳ್ಮೆಯಿಂದ ಬೆಳೆಸಿದ ಇನ್ನೊಂದು ಪಾತ್ರವನ್ನು ನಾನು ಕಾಣೆ. ‘ಬದಲಾಗುವವನಲ್ಲ’ ಎಂಬುದು ಕೊನೆಯ ಕಂತಿನ ಅವಸರಕ್ಕೆ ಬೇಕಾಗಿದ್ದ ಮಾತು. ಅದನ್ನು ನೀವು ಹಿಂದಿನ ಎಂಟು ವರ್ಷಗಳಿಗೂ ಬಳಿದಿದ್ದೀರಿ.

ಆ ಸತ್ಯದ ಮಾತು ಮುಖ್ಯ. ಅರ್ಜೆಂಟೀನಾದ ಹೋಟೆಲಿನಲ್ಲಿ ಇಬ್ಬರ ನಡುವೆ ಒಂದು ಪ್ರಶ್ನೆ ಏಳುತ್ತದೆ: ಈಗಲೇ ಹೊರಗೆ ಹೋಗಲು ದಾರಿ ಕೊಟ್ಟರೆ ಹೋಗುತ್ತೀಯಾ? ಮದುವೆಯ ದಿನ ಕೊಟ್ಟ ಮಾತೇ ಇಲ್ಲಿ ಮದುವೆಯನ್ನು ಮುಗಿಸುತ್ತದೆ. ಆ ಕೆಲವು ನಿಮಿಷಗಳಲ್ಲಿ ನಿಜವಾದ ಕಸುಬು ಇದೆ. ಎರಡನೆಯ ಪುಟದಲ್ಲಿ ಆ ದೃಶ್ಯವನ್ನು ಅಷ್ಟು ಚೆನ್ನಾಗಿ ವರ್ಣಿಸಿದ ನೀವು ಈ ಎಳೆಯನ್ನು ಮಾತ್ರ ಕೈಬಿಟ್ಟಿದ್ದೀರಿ.

ಮೂರನೆಯದು ನಿಮ್ಮ ಲೇಖನದ ಮುಕ್ತಾಯ: ‘ಕೊನೆಗೂ ವಿಧಿ ಟೆಡ್ ಮತ್ತು ರಾಬಿನ್‌ರನ್ನು ಒಂದುಗೂಡಿಸಿತು.’ ಈ ಸಾಲನ್ನು ಕೆಂಪು ಶಾಯಿಯಿಂದ ಹೊಡೆದು ಹಾಕಿದ್ದೇನೆ. ಇಲ್ಲಿ ವಿಧಿ ಇರಲಿಲ್ಲ, ಒಂದು ಫಿಲ್ಮು ಇತ್ತು.

ಧಾರಾವಾಹಿಯ ಚೌಕಟ್ಟು ನಿಮಗೆ ಗೊತ್ತು. 2030ರಲ್ಲಿ ಕಥಾನಾಯಕ ಟೆಡ್ ತನ್ನ ಇಬ್ಬರು ಮಕ್ಕಳನ್ನು ಸೋಫಾದ ಮೇಲೆ ಕೂರಿಸಿಕೊಂಡು ಅವರ ತಾಯಿಯನ್ನು ಭೇಟಿಯಾದ ಕಥೆ ಹೇಳುತ್ತಾನೆ. ಕಥೆ ವರ್ಷಗಟ್ಟಲೆ ಸಾಗಿದರೂ ಮಕ್ಕಳು ಆ ಸಂಜೆಯಲ್ಲಿಯೇ ಇರಬೇಕು. ಮಕ್ಕಳ ಪಾತ್ರ ಮಾಡಿದ ನಟರು ಬೆಳೆದುಬಿಡುತ್ತಾರೆ ಎಂಬ ಕಾರಣಕ್ಕೆ, ಕೊನೆಯ ಕಂತಿಗೆ ಬೇಕಾದ ಅವರ ದೃಶ್ಯವನ್ನು ಎರಡನೆಯ ಸೀಸನ್ನಿನ ಹೊತ್ತಿಗೆ, 2006ರಲ್ಲಿಯೇ ಚಿತ್ರೀಕರಿಸಿ ಮುಚ್ಚಿಟ್ಟರು. ಅಮ್ಮ ತೀರಿಕೊಂಡು ಆರು ವರ್ಷವಾಯಿತು, ಹೋಗಿ ರಾಬಿನ್‌ಳನ್ನು ಕೇಳು ಎಂದು ಮಕ್ಕಳು ಅಪ್ಪನಿಗೆ ಹೇಳುವ ದೃಶ್ಯ ಅದು. ಆಗ ಬಾರ್ನಿ ಮತ್ತು ರಾಬಿನ್ ನಡುವೆ ಏನೂ ಇರಲಿಲ್ಲ. ಅವರು ಮೊದಲ ಸಲ ಹತ್ತಿರವಾಗುವುದು 2008ರಲ್ಲಿ, ಮೂರನೆಯ ಸೀಸನ್ನಿನಲ್ಲಿ. ಅವರ ಮದುವೆ ನಡೆಯುವುದು ಒಂಬತ್ತನೆಯದರಲ್ಲಿ.

ಇದನ್ನು ನಿಧಾನವಾಗಿ ಯೋಚಿಸಿ. ಪ್ರೇಮ ಹುಟ್ಟುವ ಎರಡು ವರ್ಷ ಮೊದಲೇ ಅದರ ಸಾವು ಡಬ್ಬಿಯಲ್ಲಿ ಸಿದ್ಧವಾಗಿತ್ತು. 2030ರಲ್ಲಿ ರಾಬಿನ್ ಒಂಟಿಯಾಗಿ ಇರಲೇಬೇಕು. ಟ್ರೇಸಿ, ಅಂದರೆ ಮಕ್ಕಳ ತಾಯಿ, ಸಾಯಲೇಬೇಕು. ಇವೆರಡರ ನಡುವೆ ಬರೆಯುವ ತಂಡ ಏನನ್ನು ಕಂಡುಕೊಂಡರೂ, ಎಷ್ಟು ಒಳ್ಳೆಯದನ್ನು ಕಂಡುಕೊಂಡರೂ, ಆ ಡಬ್ಬಿಗೆ ತಲೆಬಾಗಬೇಕು. ಅವರು ಬಾರ್ನಿ ಮತ್ತು ರಾಬಿನ್‌ರಲ್ಲಿ ನಿಜಕ್ಕೂ ಒಳ್ಳೆಯದೊಂದನ್ನು ಕಂಡುಕೊಂಡರು. ಒಂಬತ್ತನೆಯ ಸೀಸನ್ನಿನ 24 ಕಂತುಗಳಲ್ಲಿ 22 ಕಂತು ಒಂದೇ ವಾರಾಂತ್ಯಕ್ಕೆ, ಆ ಇಬ್ಬರ ಮದುವೆಗೆ ಮೀಸಲಾದವು. ಉಳಿದ ಎರಡರಲ್ಲಿ ಹದಿನೇಳು ವರ್ಷಗಳು ಓಡಿಹೋದವು. ಮೂರು ವರ್ಷದ ಸಂಸಾರ ಕೆಲವೇ ನಿಮಿಷಗಳಲ್ಲಿ ಮುಗಿಯಿತು. ಮುಗಿಸಿದರು ಎಂದು ಬರೆಯಬೇಕಿತ್ತು, ನೋಡಿ, ನನ್ನ ಕೈಯೂ ಆ ಕಡೆಗೇ ಜಾರುತ್ತದೆ. 2014ರ ಮಾರ್ಚ್ 31ರಂದು ಆ ಕಂತು ಪ್ರಸಾರವಾದಾಗ ಅಷ್ಟು ಜನ ರೇಗಿದ್ದಕ್ಕೆ ಕಾರಣ ವಿಚ್ಛೇದನವಲ್ಲ ಎಂದು ನನ್ನ ನಂಬಿಕೆ. ದಂಪತಿಗಳು ಬೇರೆಯಾಗುವುದನ್ನು ಯಾವ ವೀಕ್ಷಕನೂ ತಡೆದುಕೊಳ್ಳುತ್ತಾನೆ. ತಾನು ನೋಡಿ ಪ್ರೀತಿಸಿದ್ದಕ್ಕೆ ಬೆಲೆಯೇ ಇರಲಿಲ್ಲ ಎಂದು ತಿಳಿದಾಗ ಅವನಿಗೆ ನೋವಾಗುತ್ತದೆ.

ಇಪ್ಪತ್ತಮೂರನೆಯ ವಯಸ್ಸಿನಲ್ಲಿ ನಾನು ಇದೇ ತಪ್ಪನ್ನು ಮಾಡಿದ್ದೇನೆ, ಅದಕ್ಕೇ ಇಷ್ಟು ಬರೆಯುತ್ತಿರುವುದು. ಆಗ ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಒಂದು ರಾತ್ರಿ ಒಂದು ಸಾಲು ಹೊಳೆಯಿತು: ಹೆಂಡತಿ ಮನೆ ಬಿಟ್ಟು ಹೋಗುತ್ತಾಳೆ, ಬಾಗಿಲನ್ನು ಮುಚ್ಚುವುದಿಲ್ಲ, ಗಾಳಿಗೆ ಅದು ಬೆಳಗಿನವರೆಗೆ ಬಡಿಯುತ್ತಲೇ ಇರುತ್ತದೆ. ಆ ಸಾಲಿಗಾಗಿ ಹದಿನೈದು ಪುಟದ ಕಥೆ ಬರೆದೆ. ಬರೆಯುತ್ತಾ ಹೋದಂತೆ ಆ ಗಂಡ ಒಳ್ಳೆಯವನಾಗತೊಡಗಿದ. ಹೆಂಡತಿಗೆ ಜ್ವರ ಬಂದಾಗ ರಾತ್ರಿಯಿಡೀ ಎಚ್ಚರವಿದ್ದ. ಅವಳು ನಗುವ ಒಂದು ಪುಟ ಬಂತು, ನಾನು ಯೋಜಿಸಿರದ ಪುಟ. ಹದಿನಾಲ್ಕನೆಯ ಪುಟದಲ್ಲಿ ನನಗೆ ಭಯವಾಯಿತು, ಇವಳು ಹೋಗುವುದೇ ಇಲ್ಲವಲ್ಲ ಎಂದು. ಅವನ ಕೈಯಿಂದ ಅವಳ ಕೆನ್ನೆಗೆ ಹೊಡೆಸಿದೆ. ಅವಳು ಹೋದಳು. ಬಾಗಿಲು ಬಡಿಯಿತು.

ನಮ್ಮ ಹಿರಿಯ ಸಂಪಾದಕರು ಕಥೆಯನ್ನು ಓದಿ ಕೆನ್ನೆಗೆ ಹೊಡೆಯುವ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದೇ ಪ್ರಶ್ನೆ ಬರೆದಿದ್ದರು: ‘ಹೊಡೆದವರು ಯಾರು?’ ನಾನು ಗಂಡ ಎಂದೆ. ಅವರು ತಲೆ ಅಲ್ಲಾಡಿಸಿ ಹಾಳೆಗಳನ್ನು ಹಿಂದಿರುಗಿಸಿದರು. ಕೊನೆಯ ಸಾಲನ್ನು ತೆಗೆದು ಬರೆದು ತಾ, ಅಚ್ಚು ಹಾಕುತ್ತೇನೆ ಎಂದರು. ಆ ಸಾಲನ್ನು ಬಿಡಲು ನನ್ನಿಂದ ಆಗಲಿಲ್ಲ. ಬೇರೆ ಪತ್ರಿಕೆಗೆ ಕಳುಹಿಸಿದೆ, ಅವರು ಒಂದಕ್ಷರ ಬದಲಿಸದೆ ಪ್ರಕಟಿಸಿದರು, ನಾಲ್ಕು ಜನ ಮೆಚ್ಚಿ ಪತ್ರ ಬರೆದರು. ಇವತ್ತಿಗೂ ಆ ಹದಿನಾಲ್ಕನೆಯ ಪುಟವನ್ನು ನನ್ನಿಂದ ಓದಲು ಆಗುವುದಿಲ್ಲ. ಆ ಹೊಡೆತ ನನ್ನದು.

ಮೊದಲೇ ನಿರ್ಧರಿಸಿದ ವಿಚ್ಛೇದನವೆಲ್ಲ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ‘ಚಿಯರ್ಸ್’ ಧಾರಾವಾಹಿಯ ಫ್ರೇಸಿಯರ್ ಮತ್ತು ಲಿಲಿತ್ ದಂಪತಿಗಳನ್ನು ನೋಡಿ. ಆ ಧಾರಾವಾಹಿ 1993ರಲ್ಲಿ ಮುಗಿದಾಗ ಫ್ರೇಸಿಯರ್‌ಗಾಗಿಯೇ ಹೊಸ ಧಾರಾವಾಹಿ ಬೇಕಾಯಿತು, ಅವನನ್ನು ಬಾಸ್ಟನ್‌ನಿಂದ ಸಿಯಾಟಲ್‌ಗೆ ಒಂಟಿಯಾಗಿ ಸಾಗಿಸಬೇಕಾಯಿತು. ಅಲ್ಲಿಯೂ ದಾಂಪತ್ಯ ಒಡೆದದ್ದು ಬರೆಯುವವರ ಅಗತ್ಯಕ್ಕಾಗಿ. ಆದರೆ ಮೊದಲ ಕಂತಿನಲ್ಲಿಯೇ ಫ್ರೇಸಿಯರ್ ತನ್ನ ರೇಡಿಯೊ ಕೇಳುಗರಿಗೆ ಅದನ್ನು ಹೇಳುತ್ತಾನೆ: ಹೆಂಡತಿ ಬಿಟ್ಟುಹೋದದ್ದು ನೋವಾಗಿತ್ತು, ಮರಳಿ ಬಂದದ್ದು ಇನ್ನೂ ಅಸಹನೀಯವಾಗಿತ್ತು. ಆ ಸಾಲಿನ ಸಾಲವನ್ನು ಅವರು ಮುಂದಿನ ಹನ್ನೊಂದು ಸೀಸನ್‌ಗಳಲ್ಲಿ ತೀರಿಸಿದರು. ಲಿಲಿತ್ ಮತ್ತೆ ಮತ್ತೆ ಬರುತ್ತಾಳೆ, ಮಗ ಫ್ರೆಡರಿಕ್ ಬರುತ್ತಾನೆ, ಹಳೆಯ ಗಾಯ ಪ್ರತಿ ಸಲ ಬೇರೆ ಜಾಗದಲ್ಲಿ ನೋಯುತ್ತದೆ. ಅಲ್ಲಿ ವಿಚ್ಛೇದನದಿಂದ ಕಥೆ ಶುರುವಾಯಿತು, ಹಾಗಾಗಿ ಅದನ್ನು ಬದುಕಿ ತೋರಿಸಲು ಜಾಗವಿತ್ತು. ಬಾರ್ನಿ ಮತ್ತು ರಾಬಿನ್‌ಗೆ ಆ ಜಾಗ ಸಿಗಲಿಲ್ಲ. ಕೊಡಲಿಲ್ಲ.

ಬಾರ್ನಿ ಕೊನೆಗೆ ಮಗಳನ್ನು ಎತ್ತಿಕೊಂಡು ಅಳುವ ದೃಶ್ಯದ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ. ನನಗೆ ಅದು ಬಹಳ ಮುಖ್ಯ ಎನಿಸುತ್ತದೆ. ರಾಬಿನ್ ಜೊತೆಯಲ್ಲಿ ಅವನು ಸಂಪಾದಿಸಿದ ಬದಲಾವಣೆಯನ್ನು ಕಿತ್ತುಕೊಂಡ ಮೇಲೆ, ಅದನ್ನು ಎಲ್ಲಾದರೂ ಇಡಬೇಕಲ್ಲವೇ? ಹೆಸರೇ ಇಲ್ಲದ, ಮುಖವನ್ನೇ ತೋರಿಸದ ಹೆಣ್ಣೊಬ್ಬಳ ಮಗುವಿನ ಕೈಯಲ್ಲಿ ಇಟ್ಟರು. ಏಳನೆಯ ಸೀಸನ್ನಿನಲ್ಲಿ ರಾಬಿನ್ ತನಗೆ ಮಕ್ಕಳಾಗುವುದಿಲ್ಲ ಎಂದು ತಿಳಿದು ಹಿಮದಲ್ಲಿ ಒಬ್ಬಳೇ ಕೂರುವ ಕಂತನ್ನು ಇದರ ಪಕ್ಕದಲ್ಲಿಟ್ಟು ನೋಡಿ. ನಿಮ್ಮ ನಿಜವಾದ ಲೇಖನ ಅಲ್ಲಿದೆ.

ಮೂರನೆಯ ಪುಟದಿಂದ ಒಂಬತ್ತನೆಯವರೆಗೆ ಎಲ್ಲವನ್ನೂ ಪಕ್ಕಕ್ಕಿಡಿ. ‘ವಿಧಿ’, ‘ಕಾಲ’, ‘ಹೊಂದಾಣಿಕೆ’ ಎಂಬ ಮೂರು ಪದಗಳನ್ನು ಬಳಸದೆ ಮತ್ತೆ ಬರೆಯಿರಿ. ಪ್ರತಿ ಕ್ರಿಯಾಪದಕ್ಕೂ ಕರ್ತೃವನ್ನು ಹುಡುಕಿ. ಸಿಗದಿದ್ದರೆ ಆ ವಾಕ್ಯವನ್ನು ಬಿಡಿ. ಎರಡನೆಯ ಪುಟವನ್ನು ಮುಟ್ಟಬೇಡಿ, ಆ ಸತ್ಯದ ಮಾತಿನ ಎಳೆಯೊಂದನ್ನು ಮಾತ್ರ ಸೇರಿಸಿ. ಐದು ಪುಟವಾದರೂ ಸಾಕು. ಹಸ್ತಪ್ರತಿಯನ್ನು ನನ್ನ ಗುರುತುಗಳೊಂದಿಗೆ ಇದರ ಜೊತೆಗೇ ಕಳುಹಿಸುತ್ತಿದ್ದೇನೆ. ತಿದ್ದಿದ್ದು ನೇರವಾಗಿ ನನ್ನ ಹೆಸರಿಗೆ ಬರಲಿ, ಕಾಯುತ್ತಿರುತ್ತೇನೆ.

ಇಂತಿ,
ಸಂಪಾದಕ